ಚೀಟಿಯ ಹಿಂಬದಿ

ಭಾಲ್ಕಿಯ ಔಷಧಿ ಅಂಗಡಿಯೊಂದರ ಕೌಂಟರಿನ ಹಿಂದೆ ನಿಲ್ಲತೊಡಗಿ ನನಗೆ ಒಂಬತ್ತು ವರ್ಷವಾಯಿತು. ಈ ಒಂಬತ್ತು ವರ್ಷದಲ್ಲಿ ಅತಿ ಹೆಚ್ಚು ಸಲ ಕೇಳಿಸಿಕೊಂಡ ಮಾತು, “ತಮ್ಮಾ, ಡಾಕ್ಟರ್ ಏನ್ ಬರ್ದಾರ ನೋಡು.” ಕೇಳುವವರು ಡಾಕ್ಟರರ ಎದುರಿನಿಂದ ಈಗಷ್ಟೇ ಎದ್ದು ಬಂದವರು. “ಅಲ್ಲೇ ಕೇಳ್ಬಾರ್ದಿತ್ತಾ ಕಾಕಾ?” ಎಂದರೆ, “ಹಿಂದ ಅಷ್ಟ್ ಮಂದಿ ಕುಂತಿದ್ರು, ಹ್ಯಾಂಗ್ ಕೇಳ್ಲಿ?” ಎನ್ನುತ್ತಾರೆ.

ಚೀಟಿಯ ಭಾಷೆಯೂ ಕೇಳುವಂತಿರುವುದಿಲ್ಲ. ಬಿ.ಡಿ. ಎಂದರೆ ದಿನಕ್ಕೆರಡು ಸಲ, ಟಿ.ಡಿ.ಎಸ್. ಎಂದರೆ ಮೂರು ಸಲ, ಎಚ್.ಎಸ್. ಎಂದರೆ ಮಲಗುವಾಗ. ಇವು ಇಂಗ್ಲಿಷ್ ಕೂಡ ಅಲ್ಲ, ಲ್ಯಾಟಿನ್ನಿನ ತುಂಡುಗಳು. ಒಮ್ಮೆ ಕಾಲೇಜು ಓದಿದ ತಂದೆಯೊಬ್ಬ ಮಗುವಿನ ಜ್ವರದ ಔಷಧಿಯ ಮುಂದೆ ‘ಎಸ್.ಓ.ಎಸ್.’ ನೋಡಿ, ಮಗುವಿನ ಜೀವಕ್ಕೇ ಅಪಾಯವೆಂದು ನಡುಗುತ್ತ ಬಂದಿದ್ದ. ಅದರ ಅರ್ಥ ‘ಬೇಕಾದರೆ ಮಾತ್ರ’ ಎಂದು ಹೇಳಿದ ಮೇಲೆ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ.

ಅರ್ಥ ಹೇಳಿದರೂ ಮುಗಿಯುವುದಿಲ್ಲ. ಥೈರಾಯ್ಡ್ ಗೋಳಿಯನ್ನು ಹಸಿದ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಔರಾದ್ ಕಡೆಯ ಮರಾಠಿಯವರಿಗೆ ‘ರಿಕಾಮ್ಯಾ ಪೋಟಿ’, ಬೀದರ್ ಹಳೇ ಊರಿನವರಿಗೆ ‘ಖಾಲಿ ಪೇಟ್’ ಎಂದು ಹೇಳಿ ಕಳಿಸುತ್ತೇನೆ. ಮುಂದಿನ ತಿಂಗಳು ವಿಚಾರಿಸಿದರೆ ಎಲ್ಲರೂ ಚಾ ಕುಡಿದೇ ನುಂಗಿರುತ್ತಾರೆ. “ಚಾ ಕುಡದ್ರ ಹೊಟ್ಟಿ ತುಂಬ್ತದೇನು?” ಅವರ ಲೆಕ್ಕ ಸರಿಯೇ ಇದೆ. ಆ ಲೆಕ್ಕದಲ್ಲಿ ಚಹಾ ಊಟವಲ್ಲ ಎಂಬುದನ್ನು ನಾವು ಮೊದಲೇ ತಿಳಿದಿರಬೇಕಿತ್ತು.

ಇಂಥವಕ್ಕೆ ನಗಬಹುದು. ಔರಾದಿನ ನನ್ನ ದೊಡ್ಡವ್ವನ ವಿಷಯದಲ್ಲಿ ನಗುವಂಥದ್ದೇನೂ ಇರಲಿಲ್ಲ. ಕೀಲುವಾತಕ್ಕೆಂದು ಬೇರೊಂದು ಊರಿನ ಡಾಕ್ಟರು ಆಕೆಗೆ ಮೆಥೊಟ್ರೆಕ್ಸೇಟ್ ಬರೆದುಕೊಟ್ಟಿದ್ದರು. ಅದು ವಾರಕ್ಕೆ ಒಂದೇ ದಿನ ನುಂಗುವ ಔಷಧಿ. ಜೊತೆಗೆ ಫೋಲಿಕ್ ಆಸಿಡ್. ಎರಡೂ ಚಿಕ್ಕ ಹಳದಿ ಗೋಳಿ. ಚೀಟಿಯಲ್ಲಿ ‘ಒನ್ಸ್ ವೀಕ್ಲಿ’ ಎಂದಿತ್ತು. ಏಳನೆಯ ತರಗತಿಯ ಮೊಮ್ಮಗ ‘ಒನ್ಸ್’ ಎಂಬುದನ್ನು ಓದಿ ಒಂದು ಸಲ ಎಂದ. ಹತ್ತು ವರ್ಷದಿಂದ ಬಿ.ಪಿ. ಗೋಳಿ ದಿನಕ್ಕೊಂದು ನುಂಗುತ್ತ ಬಂದ ಹೆಂಗಸು, ಇದನ್ನೂ ದಿನಕ್ಕೊಂದು ನುಂಗಿದಳು.

ಎಂಟನೆಯ ದಿನ ಫೋನಿನಲ್ಲಿ, “ಬಾಯಿ ಪೂರಾ ಹುಣ್ಣಾಗ್ಯಾದ, ರೊಟ್ಟಿ ನುಂಗ್ಲಿಕ್ಕಾಗವಲ್ದು” ಎಂದಳು. ಎಷ್ಟು ಗೋಳಿ ಉಳಿದಿವೆ ಎಂದು ಕೇಳಿದೆ. ಅವಳು ಎಣಿಸಿ ಹೇಳಿದ ಸಂಖ್ಯೆ ಕೇಳಿ ಕೈಕಾಲು ತಣ್ಣಗಾದವು. ಬೀದರಿಗೆ ಕರೆತರುವಷ್ಟರಲ್ಲಿ ಜ್ವರ ಏರಿತ್ತು, ರಕ್ತದಲ್ಲಿ ಬಿಳಿಕಣಗಳು ಇಳಿದಿದ್ದವು. ಆರು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು.

ಡಾಕ್ಟರರ ಅಕ್ಷರ ಕೆಟ್ಟದ್ದು ಎಂದು ಬೈಯುವುದು ನಮ್ಮಲ್ಲಿ ಸಾಮಾನ್ಯ. ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಿಯಮಗಳಿಗೆ 2016ರಲ್ಲಿ ತಿದ್ದುಪಡಿ ಬಂದು, ಔಷಧಿಯ ಹೆಸರನ್ನು ಓದಲು ಬರುವಂತೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕೆಂದಾಯಿತು. ಒಳ್ಳೆಯದೇ. ಆದರೆ ದೊಡ್ಡವ್ವನ ಚೀಟಿ ಕಂಪ್ಯೂಟರಿನಲ್ಲಿ ಅಚ್ಚಾಗಿತ್ತು, ಒಂದಕ್ಷರವೂ ಅಳಿಸಿರಲಿಲ್ಲ. ರೋಗಿಗೆ ತಿಳಿಯುವ ಭಾಷೆಯಲ್ಲಿ, ತಿಳಿಯುವ ಮಟ್ಟದಲ್ಲಿ ಹೇಳಬೇಕು ಎಂಬ ಮಾತು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿದೆ. ಅದನ್ನು ಗೋಡೆಗೆ ಹಚ್ಚಿದ್ದನ್ನು ನಾನಂತೂ ಕಂಡಿಲ್ಲ. ಕನ್ನಡದಲ್ಲಿ ಆಗದ ಕೆಲಸವೇನೂ ಅಲ್ಲ ಇದು. ಬಸುರಿಯರ ತಾಯಿ ಕಾರ್ಡು ಕನ್ನಡದಲ್ಲೇ ಇದೆ, ಅದನ್ನು ಅವರು ಸೀರೆಯ ಮಡಿಕೆಯಲ್ಲಿ ಜೋಪಾನವಾಗಿಡುತ್ತಾರೆ.

ಎರಡು ತಿಂಗಳ ನಂತರ ಅದೇ ಗೋಳಿ ಮತ್ತೆ ಶುರುವಾಯಿತು. ಈ ಸಲ ಬೀದರಿನಲ್ಲಿ ಒಬ್ಬ ಸಿಸ್ಟರ್ ಎಲ್ಲ ಹೇಳಿ ಮುಗಿಸಿ, “ಈಗ ನೀವು ನನಗ್ ಹೇಳ್ರಿ ಅವ್ವಾ, ಮನಿಗಿ ಹೋಗಿ ಹ್ಯಾಂಗ್ ತಗೋತೀರಿ?” ಎಂದರು. ದೊಡ್ಡವ್ವ ತಪ್ಪಾಗಿಯೇ ಹೇಳಿದಳು. ಸಿಸ್ಟರ್ ಬೇಸರಪಡಲಿಲ್ಲ. ವಾರದಲ್ಲಿ ಯಾವ ದಿನ ಮರೆಯುವುದಿಲ್ಲ ಎಂದು ಕೇಳಿದರು. ಸೋಮವಾರ, ಅಮರೇಶ್ವರನ ಗುಡಿಗೆ ಹೋಗುವ ದಿನ. ಗೋಳಿಯ ಪಟ್ಟಿಯ ಮೇಲೆ ಮಾರ್ಕರಿನಿಂದ ‘ಸೋಮವಾರ ಮಾತ್ರ’ ಎಂದು ಬರೆದರು. ಎಲ್ಲ ಸೇರಿ ಮೂರು ನಿಮಿಷ.

ನಿಜಾಮರ ಕಾಲದಲ್ಲಿ ನಮ್ಮ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಚೀಟಿಯ ಮುಂಬದಿಯ ಇಂಗ್ಲಿಷನ್ನು ಬದಲಿಸುವ ಅಧಿಕಾರ ನನಗಿಲ್ಲ. ಹಿಂಬದಿ ಖಾಲಿ ಇರುತ್ತದೆ, ಅಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಮರಾಠಿ ಓದುವವರಿಗೆ ನಾಗರಿಯಲ್ಲಿ. ಓದು ಬಾರದವರಿಗೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ. ವಾರಕ್ಕೊಂದು ಎಂಬುದಕ್ಕೆ ಇನ್ನೂ ಚಿತ್ರ ಸಿಕ್ಕಿಲ್ಲ. ಅಂಥ ಗೋಳಿ ಬಂದಾಗ ಒಂದು ವಾರ ಬಿಟ್ಟು ಅವರ ಮನೆಗೆ ಫೋನ್ ಮಾಡಿ, ಎಷ್ಟು ಉಳಿದಿವೆ ಎಣಿಸಿ ಹೇಳಿರೆನ್ನುತ್ತೇನೆ.