ಗದ್ದಲವನ್ನು ಅಳೆಯುವುದು ಹೇಗೆ?

ಹ್ಯಾಮ್ ರೇಡಿಯೋ ಹವ್ಯಾಸಿಗಳ ಮಾತುಕತೆಯನ್ನು ಶಾರ್ಟ್‌ವೇವ್‌ನಲ್ಲಿ ಹತ್ತು ನಿಮಿಷ ಕೇಳಿದರೆ 'ಫೈವ್ ನೈನ್' ಎಂಬ ಮಾತು ಹತ್ತು ಸಲವಾದರೂ ಕಿವಿಗೆ ಬೀಳುತ್ತದೆ. ನಿಮ್ಮ ಧ್ವನಿ ನನಗೆ ಎಷ್ಟು ಚೆನ್ನಾಗಿ ಕೇಳುತ್ತಿದೆ ಎಂದು ಕೊಡುವ ಅಂಕ ಅದು. ಮೊದಲನೆಯದು ಸ್ಪಷ್ಟತೆಗೆ, ಐದಕ್ಕೆ ಐದು. ಎರಡನೆಯದು ಸಿಗ್ನಲ್‌ನ ಬಲಕ್ಕೆ, ಒಂಬತ್ತಕ್ಕೆ ಒಂಬತ್ತು. 1934ರಿಂದ ಬಳಕೆಯಲ್ಲಿರುವ ಪದ್ಧತಿ. ಸ್ಪರ್ಧೆಗಳ ದಿನವಂತೂ ಎಲ್ಲರಿಗೂ ಫೈವ್ ನೈನೇ. ಹಾಗೆಂದ ಮರುಕ್ಷಣ, "ನಿಮ್ಮ ಹೆಸರು ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಿ" ಎನ್ನುವವರೂ ಇದ್ದಾರೆ! ನೂರಕ್ಕೆ ನೂರು ಕೊಟ್ಟ ಮೇಲೆ ಉತ್ತರ ಪತ್ರಿಕೆ ಹುಡುಕುವ ಮೇಷ್ಟರ ಹಾಗೆ.

ಈ ಒಂಬತ್ತಕ್ಕೆ ಒಂದು ಖಚಿತ ಅರ್ಥ ಇಲ್ಲದಿಲ್ಲ. ಹವ್ಯಾಸಿಗಳ ಅಂತರರಾಷ್ಟ್ರೀಯ ಒಕ್ಕೂಟದ ಯುರೋಪ್-ಆಫ್ರಿಕಾ ವಿಭಾಗ 1981ರಲ್ಲಿ ಅದನ್ನು ಗೊತ್ತುಮಾಡಿತು. ಶಾರ್ಟ್‌ವೇವ್‌ನಲ್ಲಿ ಎಸ್-9 ಎಂದರೆ ರಿಸೀವರಿನ ಆಂಟೆನಾ ತುದಿಯಲ್ಲಿ 50 ಮೈಕ್ರೋವೋಲ್ಟ್. ಒಂದು ವ್ಯಾಟನ್ನು ಎರಡು ಸಾವಿರ ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು. ಡೆಸಿಬೆಲ್ ಲೆಕ್ಕದಲ್ಲಿ, ಒಂದು ಮಿಲಿವ್ಯಾಟಿಗಿಂತ 73 ಕೆಳಗೆ, ಅಂದರೆ ಮೈನಸ್ 73. ಅಲ್ಲಿಂದ ಕೆಳಕ್ಕೆ ಒಂದೊಂದು ಮೆಟ್ಟಿಲೂ 6 ಡೆಸಿಬೆಲ್. ವೋಲ್ಟೇಜು ಪ್ರತಿ ಮೆಟ್ಟಿಲಿಗೂ ಅರ್ಧಕ್ಕರ್ಧ. ಆದರೆ ಹಳೆಯ ಸೆಟ್ಟುಗಳ ಮುಳ್ಳಿಗೆ ಈ ಶಿಸ್ತು ತಿಳಿಯದು. ಕೆಳಗಿನ ಮೆಟ್ಟಿಲುಗಳು ಕೆಲವದರಲ್ಲಿ ಮೂರೇ ಡೆಸಿಬೆಲ್. ಮುಳ್ಳು ಕುಣಿಯುತ್ತಿತ್ತು, ನಾವು ನೋಡಿ ಸಂತೋಷಪಡುತ್ತಿದ್ದೆವು, ಅಷ್ಟೆ.

ಇದನ್ನೆಲ್ಲ ನಾನು ಮತ್ತೆ ಕೂತು ಲೆಕ್ಕ ಹಾಕುವಂತೆ ಮಾಡಿದವಳು ನನ್ನ ಅಣ್ಣನ ಮಗಳು. ಹಾಸನದಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಅವರ ಮನೆ. ಹುಡುಗಿ ಪ್ರಥಮ ಪಿಯುಸಿ. ಕಂಪ್ಯೂಟರಿಗೆ ಚುಚ್ಚುವ, ಪೆನ್‌ಡ್ರೈವ್ ಗಾತ್ರದ ರಿಸೀವರೊಂದನ್ನು ಅವಳಿಗೆ ಕೊಟ್ಟಿದ್ದೆ. ಕಂಪ್ಯೂಟರಿನಲ್ಲಿ ಡಿಜಿಟಲ್ ಟಿ.ವಿ. ನೋಡಲೆಂದು ಮಾಡಿದ ಅಗ್ಗದ ಸಾಮಾನು ಅದು. ಅದರಿಂದ ರೇಡಿಯೋ ಅಲೆಗಳನ್ನು ಹಸಿಹಸಿಯಾಗಿ, ಅಂಕಿಗಳ ರೂಪದಲ್ಲೇ ಹೊರತೆಗೆಯಬಹುದೆಂದು 2012ರಲ್ಲಿ ಹವ್ಯಾಸಿಗಳು ಕಂಡುಕೊಂಡರು. ಮುಂದಿನದೆಲ್ಲ ಸಾಫ್ಟ್‌ವೇರಿನ ಕೆಲಸ. ಬೇಕಾದ ಸ್ಟೇಷನ್ ಆರಿಸುವುದು, ಸೋಸುವುದು, ಧ್ವನಿ ಮಾಡುವುದು ಎಲ್ಲವೂ ಗಣಿತ. ಶಾರ್ಟ್‌ವೇವ್ ಹಿಡಿಯಲು ಅದಕ್ಕೊಂದು ಕನ್ವರ್ಟರ್ ಜೋಡಿಸಿ ತಾರಸಿಯ ಮೇಲೆ ತಂತಿ ಕಟ್ಟಿಕೊಟ್ಟೆ.

ಎರಡನೇ ದಿನವೇ ಬಂದಳು. "ಚಿಕ್ಕಪ್ಪ, ಮೈನಸ್ 54 ಅಂತ ತೋರಿಸ್ತಿದೆ. ಯಾವುದಕ್ಕಿಂತ 54 ಕಡಿಮೆ?"

ಕೇಳಬೇಕಾದ ಪ್ರಶ್ನೆ ಅದೇ. ಪರದೆಯ ಮೇಲಿನ ಸೊನ್ನೆ ಎಂದರೆ ಆ ಯಂತ್ರ ಎಣಿಸಬಲ್ಲ ಅತಿ ದೊಡ್ಡ ಅಂಕಿ. ಇದರದು 8 ಬಿಟ್ಟಿನ ಎಣಿಕೆ, ಒಟ್ಟು 256 ಮಟ್ಟಗಳು. ಪರದೆ ಹೇಳುವುದು 'ನನ್ನ ಅಳವಿಗಿಂತ ಇಷ್ಟು ಕಡಿಮೆ' ಎಂದು ಮಾತ್ರ. ಆಂಟೆನಾದಲ್ಲಿ ಎಷ್ಟು ಮೈಕ್ರೋವೋಲ್ಟ್ ಇದೆ ಎಂಬುದು ಅದಕ್ಕೆ ಗೊತ್ತಿಲ್ಲ. ತಕ್ಕಡಿಯಿದೆ, ತೂಕದ ಬಟ್ಟಿಲ್ಲ. ಅಂಗಡಿಯ ಬಟ್ಟಿಗೆ ಇಲಾಖೆಯವರು ಮುದ್ರೆ ಒತ್ತುವಂತೆ ಇದಕ್ಕೂ ಒಂದು ನಂಬಬಹುದಾದ ಬಟ್ಟು ಬೇಕು. ನಾನು ಪಾಠ ಮಾಡಿದ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಿಗ್ನಲ್ ಜನರೇಟರ್ ಇತ್ತು. ಒಂದು ಶನಿವಾರ ಅಲ್ಲಿಗೆ ಹೋದೆವು.

ಮೊದಲು ತನ್ನಷ್ಟಕ್ಕೆ ಧ್ವನಿ ಏರಿಳಿಸುವ ಸ್ವಯಂಚಾಲಿತ ವ್ಯವಸ್ಥೆಯನ್ನು ಆರಿಸಿದೆವು. ಅಳೆಯುವ ಗಳಿಗೆಯಲ್ಲಿ ತಕ್ಕಡಿಯೇ ತನ್ನ ತಟ್ಟೆ ಬದಲಿಸಿಕೊಂಡರೆ ಅಳತೆ ಎಲ್ಲಿಯದು? ಜನರೇಟರಿನಿಂದ ಮೈನಸ್ 73 ಕೊಟ್ಟೆವು. ಪರದೆಯಲ್ಲಿ ಮೈನಸ್ 39 ಬಂತು. ಪರದೆಯ ಅಂಕಿಯಿಂದ 34 ಕಳೆದರೆ ನಿಜವಾದದ್ದು. ಇಷ್ಟಕ್ಕೇ ನಿಲ್ಲಿಸುವವರು ಬಹಳ. ಅವಳು ನಿಲ್ಲಿಸಲಿಲ್ಲ. ಹತ್ತು ಹತ್ತು ಡೆಸಿಬೆಲ್ ಇಳಿಸುತ್ತ ಪರದೆಯೂ ಅಷ್ಟೇ ಇಳಿಯುತ್ತದೆಯೇ ಎಂದು ನೋಡಿದಳು. ಇಳಿಯುತ್ತ ಇಳಿಯುತ್ತ ಒಂದು ಕಡೆ ನಿಂತೇಬಿಟ್ಟಿತು; ಅಲ್ಲಿಂದ ಕೆಳಗೆ ಯಂತ್ರದ ಸ್ವಂತ ಗದ್ದಲ. ಮೇಲೇರಿಸಿದಾಗಲೂ ಒಂದು ಕಡೆ ನಿಂತಿತು. ಅಲ್ಲಿಗೆ ಅಂಕಿಗಳ ಪಾತ್ರೆ ತುಂಬಿತು. ಇವೆರಡರ ನಡುವಿನ ಭಾಗ ಮಾತ್ರ ನಂಬಿಕೆಗೆ ಅರ್ಹ ಎಂದು ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದಳು.

ಸಿಗ್ನಲ್ ಅಳೆಯುವುದು ಇಷ್ಟೇ. ಕಷ್ಟವಿರುವುದು ಗದ್ದಲ ಅಳೆಯುವುದರಲ್ಲಿ. ಪರದೆಯ ತಳದಲ್ಲಿ ಹುಲ್ಲಿನಂತೆ ಅಲುಗಾಡುವ ಪಟ್ಟಿಯೇ ಗದ್ದಲ. ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಒತ್ತಿ ಇನ್ನಷ್ಟು ಸೂಕ್ಷ್ಮವಾಗಿ ತೋರಿಸು ಎಂದರೆ ಆ ಹುಲ್ಲು ಕೆಳಗಿಳಿಯುತ್ತದೆ, ಸ್ಟೇಷನ್ನಿನ ಕಂಬ ಮಾತ್ರ ಇದ್ದಲ್ಲೇ ಇರುತ್ತದೆ. ಹುಡುಗಿಗೆ ಇದು ಮೋಸವೆನಿಸಿತು.

ಮೋಸವಲ್ಲ. ಮಳೆ ಸುರಿಯುವಾಗ ಅಂಗಳದಲ್ಲಿ ಒಂದು ಹಂಡೆ, ಒಂದು ಚೊಂಬು ಇಟ್ಟು ನೋಡಿ. ಬಾಯಿ ಅಗಲವಿದ್ದಷ್ಟೂ ಮಳೆನೀರು ಹೆಚ್ಚು. ಆದರೆ ಸೂರಿನಿಂದ ಬೀಳುವ ಒಂದೇ ಸಣ್ಣ ಧಾರೆಯ ಕೆಳಗೆ ಹಂಡೆ ಇಟ್ಟರೂ ಅಷ್ಟೇ, ಚೊಂಬು ಇಟ್ಟರೂ ಅಷ್ಟೇ. ಗದ್ದಲ ಮಳೆ, ಸಿಗ್ನಲ್ ಧಾರೆ. ಮಾತು ಕೇಳಲು ಬೇಕಾದ 2400 ಹರ್ಟ್ಸ್ ಅಗಲದ ಬಾಯಿಯನ್ನು ಮೋರ್ಸ್ ಸಂಕೇತಕ್ಕೆ ಸಾಕಾಗುವ 500ಕ್ಕೆ ಇಳಿಸಿದರೆ ಗದ್ದಲ ಸುಮಾರು 7 ಡೆಸಿಬೆಲ್ ಇಳಿಯುತ್ತದೆ. ಹೀಗಾಗಿ "ನಮ್ಮಲ್ಲಿ ಗದ್ದಲ ಮೈನಸ್ 130 ಮಾತ್ರ" ಎಂದು ಯಾರಾದರೂ ಹೆಮ್ಮೆಪಟ್ಟರೆ ಮೊದಲು ಕೇಳಬೇಕಾದ್ದು ಪಾತ್ರೆಯ ಬಾಯಿ ಎಷ್ಟಗಲ ಎಂದು.

ಇನ್ನೊಂದು ವಿಷಯ ವಿದ್ಯಾರ್ಥಿಗಳು ಕಾಗದದ ಮೇಲೇ ಮಾಡಿ ನೋಡಬಹುದು. ಗದ್ದಲ ಕ್ಷಣಕ್ಷಣಕ್ಕೂ ಏರಿಳಿಯುವುದರಿಂದ ಸರಾಸರಿ ಬೇಕು. ಯಾವುದರ ಸರಾಸರಿ? ಒಂದು ಕ್ಷಣ ಶಕ್ತಿ 1, ಮರುಕ್ಷಣ 100 ಎನ್ನಿ. ಸರಾಸರಿ ಐವತ್ತೂವರೆ, ಅಂದರೆ 17 ಡೆಸಿಬೆಲ್. ಆದರೆ ಮೊದಲೇ ಡೆಸಿಬೆಲ್ ಮಾಡಿಕೊಂಡರೆ 0 ಮತ್ತು 20, ಸರಾಸರಿ 10. ಏಳು ಡೆಸಿಬೆಲ್ ಎಲ್ಲೋ ಸೋರಿಹೋಯಿತು! ನಿಜವಾದ ರೇಡಿಯೋ ಗದ್ದಲದಲ್ಲಿ ಈ ಸೋರಿಕೆ ಎರಡೂವರೆ ಡೆಸಿಬೆಲ್ಲಿನಷ್ಟು. ಶಕ್ತಿಯ ಸರಾಸರಿ ತೆಗೆದು ಕೊನೆಗೊಮ್ಮೆ ಡೆಸಿಬೆಲ್ ಮಾಡಬೇಕು. ಲಾಗರಿದಮ್ ಯಾಕೆ ಕಲಿಯಬೇಕು ಎಂದು ಗೊಣಗುವ ಮಕ್ಕಳಿಗೆ ನಾನು ಈಗ ಹೇಳುವ ಉದಾಹರಣೆ ಇದೇ.

ಇಷ್ಟು ಸಿದ್ಧತೆಯಾದ ಮೇಲೆ ಮನೆಯಲ್ಲಿ ಅಳತೆ. 7 ಮೆಗಾಹರ್ಟ್ಸ್, 2400 ಹರ್ಟ್ಸ್ ಬಾಯಿ, ಸಂಜೆ ಏಳು ಗಂಟೆ. ಆಂಟೆನಾ ಕಳಚಿ 50 ಓಮ್‌ನ ರೆಸಿಸ್ಟರ್ ಹಾಕಿದಾಗ ಮೈನಸ್ 128. ಅದು ಯಂತ್ರದ್ದೇ ಗದ್ದಲ. ಆಂಟೆನಾ ಹಾಕಿದಾಗ ಮೈನಸ್ 88. ಮಧ್ಯೆ ನಲವತ್ತು ಡೆಸಿಬೆಲ್, ಹತ್ತು ಸಾವಿರ ಪಟ್ಟು ಗದ್ದಲ, ಹೊರಗಿನಿಂದ ಬರುತ್ತಿದೆ. ಮಿಂಚೋ, ಆಕಾಶದ್ದೋ, ಮನುಷ್ಯರದೋ?

ಉತ್ತರ ಕೊಟ್ಟದ್ದು ವಿದ್ಯುತ್ ಸರಬರಾಜಿನವರು. ಮೂರನೇ ದಿನ ಅಳೆಯುತ್ತಿರುವಾಗಲೇ ಕರೆಂಟ್ ಹೋಯಿತು. ಲ್ಯಾಪ್‌ಟಾಪು ಬ್ಯಾಟರಿಯ ಮೇಲಿತ್ತು. ಹುಲ್ಲು ಧಡಕ್ಕನೆ ಮೈನಸ್ 104ಕ್ಕೆ ಕುಸಿಯಿತು. ಹದಿನಾರು ಡೆಸಿಬೆಲ್, ನಲವತ್ತರಲ್ಲಿ ಒಂದು ಪಾಲು. ಕತ್ತಲೆಯಲ್ಲಿ ದೂರದ ಸ್ಟೇಷನ್ನುಗಳು ಒಂದೊಂದಾಗಿ ಮೇಲೆದ್ದವು. ಬೀದಿಯವರೆಲ್ಲ ಶಾಪ ಹಾಕುತ್ತಿದ್ದರೆ ಈ ಹುಡುಗಿ, "ಇನ್ನೂ ಹತ್ತು ನಿಮಿಷ ಬರದಿದ್ದರೆ ಸಾಕು" ಅನ್ನುತ್ತಿದ್ದಳು.

ಕರೆಂಟ್ ಬಂದ ಮೇಲೆ ಮನೆಯ ಸ್ವಿಚ್ಚುಗಳನ್ನು ಒಂದೊಂದಾಗಿ ಆರಿಸುವ ಕೆಲಸ. ಫ್ರಿಜ್ಜಿನ ತಪ್ಪಿಲ್ಲ, ಟಿ.ವಿ.ಯದು ಅಲ್ಪ. ಸಿಕ್ಕಿಬಿದ್ದದ್ದು ದೇವರ ಮನೆಯ ಸುತ್ತ ಹಾಕಿಸಿದ್ದ ಎಲ್‌ಇಡಿ ದೀಪದ ಪಟ್ಟಿಯ ಅಡಾಪ್ಟರ್. ಇಂಥ ಅಡಾಪ್ಟರ್ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಕೆಲಸ ಮಾಡುತ್ತದೆ; ಸರಿಯಾದ ಫಿಲ್ಟರ್ ಹಾಕದೆ ಕಾಸು ಉಳಿಸಿದ್ದರೆ ಆ ಕತ್ತರಿಸುವ ಸದ್ದು ಮನೆಯ ವೈರಿಂಗಿನಲ್ಲೇ ಹರಿದು ಶಾರ್ಟ್‌ವೇವನ್ನೆಲ್ಲ ತುಂಬುತ್ತದೆ. ಅಣ್ಣ ಹಬ್ಬಕ್ಕೆಂದು ಅಕ್ಕರೆಯಿಂದ ತಂದು ಹಾಕಿಸಿದ ದೀಪ. ಬಂದವರಿಗೆಲ್ಲ ತೋರಿಸುತ್ತಿದ್ದ.

"ಅಪ್ಪನಿಗೆ ನೀವೇ ಹೇಳಿ" ಎಂದಳು. ಅಳೆದವಳು ನೀನು, ನೀನೇ ಹೇಳು ಎಂದೆ. ಅವಳು ಹೇಳಲಿಲ್ಲ, ದೀಪ ಹಾಕಿ ಒಂದು ನಿಮಿಷ, ಆರಿಸಿ ಒಂದು ನಿಮಿಷ, ಹೀಗೆ ಆರು ಸಲ ಅಳೆದ ನಕ್ಷೆಯನ್ನು ಊಟದ ಮೇಜಿನ ಮೇಲೆ ಇಟ್ಟಳು. ಅಣ್ಣ ಬಹಳ ಹೊತ್ತು ನೋಡಿ, "ಏಳನೇ ಸಲ ನನ್ನೆದುರು ಮಾಡು" ಎಂದ. ಮಾಡಿದಳು. ಅತ್ತಿಗೆಗೆ ಮಾತ್ರ ಚಿಂತೆ ಬೇರೆ: "ಇದಕ್ಕೆ ಪರೀಕ್ಷೆಯಲ್ಲಿ ಮಾರ್ಕ್ಸ್ ಇದೆಯಾ?" ಇಲ್ಲ ಎಂದೆ. ಅಡಾಪ್ಟರಿನ ತಂತಿಯನ್ನು ಫೆರೈಟ್ ಉಂಗುರಕ್ಕೆ ಎಂಟು ಸುತ್ತು ಸುತ್ತಿದ ಮೇಲೆ ಗದ್ದಲ ಮೈನಸ್ 94ಕ್ಕೆ ಬಂತು. ನಾಲ್ಕರಲ್ಲಿ ಒಂದು ಪಾಲು. ದೇವರ ಮನೆಯ ಬೆಳಕೂ ಉಳಿಯಿತು. ಉಳಿದದ್ದು ಅಕ್ಕಪಕ್ಕದವರದು, ಅವರ ಮನೆಗಳಿಗೆ ನಕ್ಷೆ ಹಿಡಿದು ಹೋಗುವುದು ಬೇಡವೆಂದು ಅಣ್ಣ ಸ್ಪಷ್ಟವಾಗಿ ಹೇಳಿದ್ದಾನೆ.

ಗದ್ದಲ ಅಳೆಯುವುದು ಬೇಡದ ಕೆಲಸವೆಂದು ತೋರಬಹುದು. ಕಾರ್ಲ್ ಜಾನ್ಸ್ಕಿಗೂ ಕಂಪನಿ ಕೊಟ್ಟದ್ದು ಇದೇ ಕೆಲಸ. ಬೆಲ್ ಪ್ರಯೋಗಾಲಯದ ಈ ಎಂಜಿನಿಯರ್ ಸಾಗರದಾಚೆಗಿನ ಟೆಲಿಫೋನಿಗೆ ಅಡ್ಡಿಯಾಗುವ ಗದ್ದಲ ಎಲ್ಲಿಂದ ಬರುತ್ತದೆಂದು 20.5 ಮೆಗಾಹರ್ಟ್ಸ್‌ನಲ್ಲಿ ಹುಡುಕುತ್ತಿದ್ದ. ಹತ್ತಿರದ ಸಿಡಿಲು, ದೂರದ ಸಿಡಿಲು ಎರಡನ್ನೂ ಬದಿಗಿಟ್ಟ ಮೇಲೂ ಒಂದು ಸಣ್ಣ ಬುಸುಗುಟ್ಟುವಿಕೆ ಉಳಿಯಿತು. ಅದು ದಿನಕ್ಕೆ ನಾಲ್ಕು ನಿಮಿಷ ಬೇಗ ಬರುತ್ತಿತ್ತು, ನಕ್ಷತ್ರಗಳ ಹಾಗೆ. 1933ರಲ್ಲಿ ಆತ ಪ್ರಕಟಿಸಿದ್ದು ಆಕಾಶಗಂಗೆಯ ಸದ್ದನ್ನು. ಅದರ ಬೆನ್ನು ಹತ್ತಿ 1937ರಲ್ಲಿ ಹಿತ್ತಲಲ್ಲಿ ತಟ್ಟೆ ಆಂಟೆನಾ ಕಟ್ಟಿದ ಗ್ರೋಟ್ ರೀಬರ್ ಒಬ್ಬ ಹ್ಯಾಮ್. ನಮ್ಮ ಗೌರಿಬಿದನೂರಿನಲ್ಲಿ ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದಂತೆ ಸಾಲಾಗಿ ನಿಲ್ಲಿಸಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ತೆಗೆದದ್ದೂ ಇದೇ ವಂಶದ ಕೆಲಸ.

ಇದನ್ನು ಕೇಳಿದ ಮೇಲೆ ಹುಡುಗಿಗೆ ಆ ನಾಲ್ಕು ನಿಮಿಷ ಬೇಕಾಗಿದೆ. ಹಾಸನದ ಬೀದಿಯಲ್ಲಿ ಸಾಧ್ಯವಿಲ್ಲ. 20 ಮೆಗಾಹರ್ಟ್ಸ್‌ನಲ್ಲಿ ಊರಿನ ಗದ್ದಲವೇ ಆಕಾಶಗಂಗೆಯನ್ನು ನುಂಗಿಹಾಕುತ್ತದೆ. ಅವಳ ಅಜ್ಜಿಯ ತೋಟ ಅರಸೀಕೆರೆ ಕಡೆ, ಒಂಟಿ ಮನೆ. ಆದರೂ ಸಾಧಾರಣ ತಂತಿ ಆಂಟೆನಾಗೆ ಸಿಗುವ ಏರಿಳಿತ ಕೆಲವೇ ಡೆಸಿಬೆಲ್. ರಿಸೀವರ್ ಬಿಸಿಯಾದಂತೆ ಅಂಕಿ ಜಾರುವುದರಿಂದ ಪ್ರತಿ ಅಳತೆಗೂ ಮುಂಚೆ, ಆಮೇಲೆ ರೆಸಿಸ್ಟರ್ ಹಾಕಿ ನೋಡಬೇಕು. ಮಿಂಚು ಹೊಡೆದ ಸೆಕೆಂಡುಗಳನ್ನು ತೆಗೆದುಹಾಕಬೇಕು, ಬೇಸಿಗೆಯ ಗುಡುಗು ಬೇರೆ. ಧನು ರಾಶಿಯ ಕಡೆಯ ಗಂಗೆಯ ನಡುಭಾಗ ಏಪ್ರಿಲ್ ಕೊನೆಗೆ ಬೆಳಗಿನ ಜಾವ ಮೂರೂವರೆಯ ಸುಮಾರಿಗೆ ದಕ್ಷಿಣದಲ್ಲಿ ಅತಿ ಎತ್ತರಕ್ಕೆ ಬರುತ್ತದೆ. ಮೇ ಕೊನೆಗೆ ಒಂದೂವರೆಗೇ. ಪರೀಕ್ಷೆ ಮುಗಿದ ಮಾರನೆಯ ದಿನವೇ ಹೊರಡಬಹುದು, ಆದರೆ ರಾತ್ರಿ ಮೂರಕ್ಕೆ ಅಂಗಳಕ್ಕೆ ಹೋಗುವಾಗ ಅಜ್ಜಿಯನ್ನು ಎಬ್ಬಿಸಿಕೊಂಡೇ ಹೋಗಬೇಕು ಎಂದು ಅತ್ತಿಗೆ ಷರತ್ತು ಹಾಕಿದ್ದಾರೆ. ಅಜ್ಜಿಯನ್ನು ಇನ್ನೂ ಯಾರೂ ಕೇಳಿಲ್ಲ.