ಭಾನುವಾರ ಬಂದಿಳಿದವಳು

ದೇವನಹಳ್ಳಿಯ ವಿಮಾನ ನಿಲ್ದಾಣ ಆಗಿನ್ನೂ ತೆರೆದಿರಲಿಲ್ಲ. 2008ರ ಮೇ ತನಕ ನಮ್ಮ ಕಡೆಯವರಿಗೆ ಪರದೇಶದ ಬಾಗಿಲು ಅಂದರೆ ಬೆಂಗಳೂರಿನ ಹಳೆಯ ನಿಲ್ದಾಣ, ಎಚ್‌ಎಎಲ್. ಹಲಸೂರಿನಿಂದ ಆಟೋ ಹತ್ತಿ ದೊಮ್ಮಲೂರು ದಾಟಿದರೆ ಬಂತು. 2007ರ ಸೆಪ್ಟೆಂಬರ್ 29ರ ರಾತ್ರಿ ನಾನು ಓದಲು ಜರ್ಮನಿಗೆ ಹೊರಟಾಗ ಗಣೇಶನ ಹಬ್ಬ ಕಳೆದು ಎರಡು ವಾರವಾಗಿತ್ತು. ಆದರೂ ಕೆರೆಯ ಕಡೆಗೆ ಮೆರವಣಿಗೆಗಳು ಬರುತ್ತಲೇ ಇದ್ದವು. ತಮಟೆ ಸದ್ದಿನಲ್ಲೇ ಅಮ್ಮ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಎಲ್ಲ ಸೂಟ್‌ಕೇಸಿಗೆ ತುರುಕಿದಳು. "ಅಲ್ಲೂ ಅಂಗಡಿ ಇರತ್ತಮ್ಮ" ಅಂದೆ. "ಇರಲಿ ಬಿಡು" ಅಂದಳು.

ಅಪ್ಪ ಮಾತ್ರ ಒಂದೇ ಮಾತು ಹೇಳಿದ್ದು: "ಮುಟ್ಟಿದ ತಕ್ಷಣ ಫೋನ್ ಮಾಡು." ಅವರು ಕೆ.ಆರ್. ಪುರದ ಬಳಿಯ ದೂರವಾಣಿನಗರದಲ್ಲಿ, ಐಟಿಐ ಕಾರ್ಖಾನೆಯಲ್ಲಿ ದುಡಿದವರು. 1948ರಲ್ಲಿ ಶುರುವಾದ ಆ ಕಾರ್ಖಾನೆ ದೇಶಕ್ಕೆಲ್ಲ ಟೆಲಿಫೋನು ಮಾಡಿ ಕಳಿಸುತ್ತಿತ್ತು. ಯಾರ ಮನೆಗೆ ಹೋದರೂ ಅಪ್ಪ ಮೊದಲು ರಿಸೀವರ್ ಎತ್ತಿ ತಿರುಗಿಸಿ ನೋಡುತ್ತಿದ್ದರು.

ಫ್ರಾಂಕ್‌ಫರ್ಟಿನಲ್ಲಿ ಇಳಿದು ರೈಲು ಹಿಡಿದೆ. ಒಂದೂಕಾಲು ಗಂಟೆಯಲ್ಲಿ ಸ್ಟುಟ್‌ಗಾರ್ಟ್. ಅಲ್ಲಿಂದ ಲೋಕಲ್ ರೈಲಿನಲ್ಲಿ ವಿಶ್ವವಿದ್ಯಾಲಯದ ಸ್ಟೇಷನ್ನು. ಎಲ್ಲಿಯೂ ಗೇಟಿಲ್ಲ, ಟಿಕೆಟ್ ಕೇಳುವವರಿಲ್ಲ. ಅದೇ ನನಗೆ ಭಯ ಹುಟ್ಟಿಸಿದ್ದು. ನಾನು ಬೆಳೆದದ್ದು ಕೇಳಿಕೊಂಡು ತಿರುಗುವ ಊರಿನಲ್ಲಿ. ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡ್ ಓದುವವರು ಯಾರಿದ್ದಾರೆ? ಕನ್ನಡದಲ್ಲಿ ಕೇಳಿದರೆ ಒಬ್ಬರು ತಮಿಳಿನಲ್ಲಿ ಉತ್ತರ ಕೊಡುತ್ತಾರೆ, ಪಕ್ಕದವರು ಅದನ್ನು ಉರ್ದುವಿನಲ್ಲಿ ತಿದ್ದುತ್ತಾರೆ, ಬಸ್ಸು ಹತ್ತಿಸಿಯೇ ಬಿಡುತ್ತಾರೆ. ಇಲ್ಲಿ ಎಲ್ಲವನ್ನೂ ಬೋರ್ಡು ಹೇಳುತ್ತಿತ್ತು. ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಷ್ಟಪಟ್ಟು ಕಲಿತ ಜರ್ಮನ್ ಆಡೋಣವೆಂದರೆ ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಸೂಟ್‌ಕೇಸಿನ ಗಾಲಿಯ ಸದ್ದು ಇಡೀ ಬೀದಿಗೆ ಕೇಳುತ್ತಿತ್ತು.

ಅವತ್ತು ಭಾನುವಾರ. ಆ ದಿನದ ಟಿಕೆಟ್ ಅಗ್ಗವಾಗಿತ್ತು, ಅಷ್ಟೆ. ಭಾನುವಾರದ ಬಿಡುವು ಜರ್ಮನಿಯಲ್ಲಿ ಬರೀ ರೂಢಿಯಲ್ಲ, ಸಂವಿಧಾನದಲ್ಲೇ ಇದೆ. 1919ರ ಸಂವಿಧಾನದಲ್ಲಿದ್ದ ಆ ಕಲಮನ್ನು 1949ರದ್ದರಲ್ಲೂ ಉಳಿಸಿಕೊಂಡಿದ್ದಾರೆ. ದೊಡ್ಡ ಸ್ಟೇಷನ್ನಿನ ಒಳಗಿನವು ಬಿಟ್ಟರೆ ಅಂಗಡಿಗಳು ಹೆಚ್ಚುಕಡಿಮೆ ಎಲ್ಲವೂ ಮುಚ್ಚಿರುತ್ತವೆ. ಹಾಸ್ಟೆಲ್ಲಿನ ಕೀಲಿ ಕೊಡುವವರಿಗೂ ರಜೆ. ಬಾಗಿಲ ಮೇಲಿನ ಚೀಟಿಯನ್ನು ಮತ್ತೆ ಮತ್ತೆ ಓದಿದೆ. ಪ್ರತಿ ಸಲವೂ ಅದು ಸೋಮವಾರ ಎಂದೇ ಹೇಳಿತು.

ಮೆಟ್ಟಿಲ ಮೇಲೆ ಕೂತು ಅವಲಕ್ಕಿಗೆ ಗೊಜ್ಜು ಕಲಸಿಕೊಂಡು ತಿಂದೆ. ನೀರು ಹಾಕದೆ ತಿನ್ನುವ ಅವಲಕ್ಕಿ ದವಡೆಗೆ ಒಳ್ಳೆಯ ಕಸರತ್ತು. ಆಗ ಒಬ್ಬಳು ಬಾಗಿಲು ತೆರೆದು ಹೊರಬಂದಳು. ಮೊಬೈಲಿನಲ್ಲಿ ಯಾರೊಂದಿಗೋ ಉರ್ದುವಿನಲ್ಲಿ ಜಗಳವಾಡುತ್ತಿದ್ದಳು. ಅಷ್ಟು ಚೆಂದದ ಜಗಳವನ್ನು ನಾನು ಎಂದೂ ಕೇಳಿರಲಿಲ್ಲ! ಎದ್ದವಳೇ "ಆಪಾ, ಚಾಬಿಚ್ ನೈ" ಅಂದೆ. ಅವಳು ಫೋನ್ ಕೆಳಗಿಳಿಸಿ ಬಿದ್ದು ಬಿದ್ದು ನಕ್ಕಳು. ಲಾಹೋರಿನವಳು. ನಮ್ಮ ರಸೆಲ್ ಮಾರ್ಕೆಟ್ಟಿನ ದಖನಿ ಅವಳಿಗೆ ಸಿನಿಮಾದ ಹಾಸ್ಯದಂತೆ ಕೇಳಿಸಿತಂತೆ. ಆದರೆ ಅರ್ಥವಾಗಿತ್ತು. ಸೂಟ್‌ಕೇಸಿನ ಒಂದು ಹಿಡಿಯನ್ನು ಅವಳೇ ಹಿಡಿದು ಮೂರನೇ ಮಹಡಿಗೆ ಹತ್ತಿಸಿದಳು, ನೆಲಕ್ಕೆ ಹಾಸಿಗೆ ಹಾಸಿದಳು. ಪಾಸ್‌ಪೋರ್ಟಿನ ಬಣ್ಣದ ಮಾತು ಇಬ್ಬರೂ ಎತ್ತಲಿಲ್ಲ.

ಸಂಜೆ ಅವಳೇ ಕರೆದುಕೊಂಡು ಹೋಗಿ ಸ್ಟೇಷನ್ನಿನಲ್ಲಿ ಕಾಲಿಂಗ್ ಕಾರ್ಡ್ ಕೊಡಿಸಿದಳು. ನೀರಿನ ಬಾಟಲಿ ಕೊಂಡರೆ 25 ಸೆಂಟ್ ಠೇವಣಿ. ಖಾಲಿ ಬಾಟಲಿ ಕೊಟ್ಟರೆ ದುಡ್ಡು ವಾಪಸ್ಸು. ಆಗಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಹದಿನಾಲ್ಕು ರೂಪಾಯಿ. ಎಸೆಯಬೇಡ ಎಂದು ಗದರಿದಳು.

ಬೂತಿನಿಂದ ಮನೆಗೆ ಫೋನ್ ಮಾಡಿದಾಗ ಜರ್ಮನಿಯಲ್ಲಿ ಸಂಜೆ ಆರೂವರೆ, ಹಲಸೂರಿನಲ್ಲಿ ರಾತ್ರಿ ಹತ್ತು. ಒಂದೇ ರಿಂಗಿಗೆ ಅಪ್ಪ ಎತ್ತಿದರು. ಊಟವಾಯಿತೇ ಎಂದು ಅಮ್ಮ ಹಿಂದಿನಿಂದ ಕೂಗುತ್ತಿದ್ದಳು. ಅಪ್ಪ ಕೇಳಿದ್ದು, "ಲೈನ್ ಎಷ್ಟು ಕ್ಲಿಯರ್ ಇದೆ! ಸೆಟ್ಟು ಯಾವ ಕಂಪನಿದಮ್ಮ?"

ನಿಮ್ಮ ಮನೆಯ ಮಕ್ಕಳು ಅಕ್ಟೋಬರಿನ ಸೆಮಿಸ್ಟರಿಗೆ ಜರ್ಮನಿಗೆ ಹೊರಟಿದ್ದರೆ, ಅಗ್ಗದ ಟಿಕೆಟ್ಟೆಂದು ಶನಿವಾರ ರಾತ್ರಿ ವಿಮಾನ ಹತ್ತಿಸಬೇಡಿ. ಅಕ್ಟೋಬರ್ 3 ಕೂಡ ಅಲ್ಲಿ ರಾಷ್ಟ್ರೀಯ ರಜೆ, ಅಂದೂ ಅಂಗಡಿ ತೆರೆಯುವುದಿಲ್ಲ. ಕೀಲಿ ಯಾರ ಕೈಯಲ್ಲಿದೆ, ಎಷ್ಟು ಹೊತ್ತಿಗೆ ಕೊಡುತ್ತಾರೆ ಎಂಬುದನ್ನು ಹೊರಡುವ ಮೊದಲೇ ಬರೆಸಿಕೊಳ್ಳಿ.