ಕೋಡಿಯಿಲ್ಲದ ಕೆರೆ

ಕಳೆದ ಡಿಸೆಂಬರ್ ರಜೆಯಲ್ಲಿ, ಜೈಪುರದಲ್ಲಿ ಕೆಲಸದಲ್ಲಿರುವ ದೊಡ್ಡಪ್ಪನ ಮಗನ ಜೊತೆ ಕಾರಿನಲ್ಲಿ ಸಾಂಭರ್ ಸರೋವರಕ್ಕೆ ಹೋಗಿದ್ದೆ. ಜೈಪುರದಿಂದ ಸುಮಾರು 80 ಕಿ.ಮೀ. ದೂರ; ಥಾರ್ ಮರುಭೂಮಿಯ ಪೂರ್ವದ ಅಂಚು. ಮರಳುದಿಬ್ಬ ನೋಡುವ ಆಸೆಯಲ್ಲಿ ಹೊರಟವಳಿಗೆ ದಾರಿಯುದ್ದಕ್ಕೂ ಕಂಡದ್ದು ಸಾಸಿವೆ ಹೊಲ, ನಡುನಡುವೆ ಕೊಂಬೆ ಸವರಿದ ಖೇಜ್ರಿ ಮರ. ನಾವು ವಿಜಯದಶಮಿಗೆ ಪೂಜಿಸುವ ಬನ್ನಿಮರವೇ ಇದು ಎಂದರೆ ಅಣ್ಣ ನಂಬಲಿಲ್ಲ. ಫುಲೇರಾ ದಾಟಿದ ಮೇಲೆ ಹಸಿರು ತೆಳುವಾಗುತ್ತ, ಮಣ್ಣಿನ ಮೇಲೆ ಬಿಳಿ ಪೊರೆ ಕಾಣತೊಡಗಿತು.

ಸರೋವರ ಎಂದರೆ ಅಲೆ, ದಡ ಏನೂ ಇಲ್ಲ. ಎಲ್ಲಿ ನೆಲ ಮುಗಿದು ಎಲ್ಲಿ ನೀರು ಶುರುವಾಯಿತೆಂದು ತಿಳಿಯದಷ್ಟು ಆಳವಿಲ್ಲದ ನೀರು. ಉದ್ದ ಸುಮಾರು 35 ಕಿ.ಮೀ. ದೂರದಲ್ಲಿ ಫ್ಲೆಮಿಂಗೋಗಳ ಗುಲಾಬಿ ಗೆರೆ. ಉಪ್ಪಿನ ಪಾತಿಗಳ ನೀರೂ ಕೆಂಪು. ಉಪ್ಪನ್ನು ತಾಳಿಕೊಳ್ಳುವ ಡುನಾಲಿಯೆಲ್ಲಾ ಎಂಬ ಪಾಚಿಯ ಬಣ್ಣ ಅದು. ಪಾತಿಯ ಅಂಚಿನಲ್ಲಿ ಒಂದು ಹರಳು ಎತ್ತಿ ನಾಲಿಗೆಗೆ ಇಟ್ಟುಕೊಂಡೆ. ಸಮುದ್ರ ಇಲ್ಲಿಂದ ನೂರಾರು ಕಿ.ಮೀ. ಆಚೆ. ಇಲ್ಲಿಗೆ ಬಂದು ಸೇರುವ ಮೇಂಢಾ, ರೂಪನ್‌ಗಢ ನದಿಗಳದ್ದು ಮಳೆನೀರು. ಮತ್ತೆ ಉಪ್ಪು ಎಲ್ಲಿಯದು?

ಈ ಪ್ರಶ್ನೆಯನ್ನೇ ಜುಲೈನಲ್ಲಿ ಅಭ್ಯಾಸ ಬೋಧನೆಗೆ ಒಯ್ದೆ. ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ, ಒಂಬತ್ತನೇ ತರಗತಿ, ಮಿಶ್ರಣಗಳನ್ನು ಬೇರ್ಪಡಿಸುವ ಪಾಠ. ಆವೀಕರಣಕ್ಕೆ ಉಪ್ಪುನೀರು ಕಾಯಿಸಿ ತೋರಿಸುವುದು ನಮ್ಮೆಲ್ಲರ ಪಾಠಯೋಜನೆಯಲ್ಲೂ ಇರುವ ಚಟುವಟಿಕೆ. ಅದರಲ್ಲಿ ಮಕ್ಕಳಿಗೆ ಬೆರಗೇನೂ ಇಲ್ಲ. ಹಾಕಿದ ಉಪ್ಪೇ ವಾಪಸ್ ಬರುತ್ತದೆ. ಅದರ ಬದಲು ಶಾಲೆಯ ಬೋರ್‌ವೆಲ್ ನೀರನ್ನು ಸ್ಟೀಲ್ ತಟ್ಟೆಯಲ್ಲಿ ಹಿಂದಿನ ದಿನವೇ ಒಣಗಲು ಇಟ್ಟಿದ್ದೆ. ತಟ್ಟೆಯಲ್ಲಿ ಬಿಳಿ ಉಂಗುರ ಉಳಿದಿತ್ತು. “ನೀರು ಕಾಯಿಸೋ ಪಾತ್ರೆಯಲ್ಲೂ ಹಿಂಗೇ ಕಟ್ಟುತ್ತೆ ಮಿಸ್” ಎಂದ ಒಬ್ಬ. ಕುಡಿಯುವ ನೀರಿನಲ್ಲೂ ಕರಗಿದ ಲವಣ ಇರುತ್ತದೆ ಎಂಬುದನ್ನು ನಾನು ಹೇಳಬೇಕಾಗಲಿಲ್ಲ. ಆಮೇಲೆ ಸಾಂಭರ್ ಫೋಟೊಗಳನ್ನು ಕೈಯಿಂದ ಕೈಗೆ ಕಳಿಸಿದೆ.

“ಹಂಗಾದರೆ ನಮ್ಮ ಕೆರೆ ಯಾಕೆ ಉಪ್ಪಾಗಿಲ್ಲ?” ಇದು ನನ್ನ ಯೋಜನೆಯಲ್ಲಿ ಇರಲಿಲ್ಲ. ಉತ್ತರ ಹಿಂದಿನ ಬೆಂಚಿನಿಂದ ಬಂತು, ಸಾಮಾನ್ಯವಾಗಿ ಬಾಯಿ ಬಿಡದ ಹುಡುಗಿಯಿಂದ: “ನಮ್ಮ ಕೆರೆಗೆ ಕೋಡಿ ಐತೆ ಮಿಸ್. ತುಂಬಿದರೆ ಕೆಳಗಿನ ಕೆರೆಗೆ ಹೋಗುತ್ತೆ.”

ಪುಸ್ತಕಗಳು ‘ಹೊರಹರಿವಿಲ್ಲದ ಜಲಾನಯನ ಪ್ರದೇಶ’ ಎನ್ನುವುದು ಇದನ್ನೇ. ಸಾಂಭರ್‌ಗೆ ಕೋಡಿ ಇಲ್ಲ. ಬಂದ ನೀರಿಗೆ ಆಕಾಶವೊಂದೇ ದಾರಿ. ಜೊತೆಗೆ ಬಂದ ಲವಣಕ್ಕೆ ಅದೂ ಇಲ್ಲ. ಕೋಡಿಯಲ್ಲಿ ನೀರಿನ ಜೊತೆ ಲವಣವೂ ಹೊರಹೋಗುತ್ತದೆ ಎಂದಷ್ಟೇ ನಾನು ಸೇರಿಸಿದೆ.

ಅಷ್ಟೊಂದು ಉಪ್ಪು ಬರೀ ಹೊಳೆಯಿಂದಲೇ ಬಂತಾ ಎಂದು ಇನ್ನೊಬ್ಬ ಕೇಳಿದ. ಭೂವಿಜ್ಞಾನಿಗಳಾದ ಹಾಲೆಂಡ್ ಮತ್ತು ಕ್ರಿಸ್ಟಿ 1909ರಲ್ಲಿ, ಬೇಸಿಗೆಯ ನೈರುತ್ಯ ಗಾಳಿ ಕಛ್‌ನ ರಣದಿಂದ ಉಪ್ಪಿನ ಧೂಳನ್ನು ಹೊತ್ತು ತರುತ್ತದೆ ಎಂದು ವಾದಿಸಿದರು. ಹಳೆಯ ಸಮುದ್ರವೊಂದರ ಶೇಷ ಎಂದವರಿದ್ದಾರೆ. ಸುತ್ತಲಿನ ಬಂಡೆಗಳು ಶಿಥಿಲವಾಗಿ ಲವಣ ಬಂತು ಎನ್ನುವವರೂ ಇದ್ದಾರೆ. ಮೂರನ್ನೂ ಕಪ್ಪುಹಲಗೆಯ ಮೇಲೆ ಬರೆದೆ, ಯಾವುದಕ್ಕೂ ಸರಿ ಗುರುತು ಹಾಕಲಿಲ್ಲ.

ಹಿಂದೆ ಕುಳಿತಿದ್ದ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ‘ವಿಷಯಾಂತರ, ಸ್ಫಟಿಕೀಕರಣ ಉಳಿಯಿತು’ ಎಂದು ಬರೆದರು. ಹತ್ತು ನಿಮಿಷ ಹೋದದ್ದು ನಿಜ, ಅಂಕವೂ ಹೋಯಿತು. ಆದರೂ ವಿಷಯಾಂತರ ಎಂಬ ಮಾತನ್ನು ನಾನು ಒಪ್ಪಲಾರೆ. ಪಾಠಯೋಜನೆಯ ನಮೂನೆಯಲ್ಲಿ ‘ನಿರೀಕ್ಷಿತ ಉತ್ತರ’ಕ್ಕೆ ಅಂಕಣವಿದೆ, ಮಕ್ಕಳ ಪ್ರಶ್ನೆಗೆ ಎರಡು ಗೆರೆ ಜಾಗವೂ ಇಲ್ಲ. ಸ್ಫಟಿಕೀಕರಣವನ್ನು ಮರುದಿನ ಮುಗಿಸಿದೆ. ಸಾಂಭರ್‌ನ ಹರಳು ಅಂದು ಎಲ್ಲರ ಕೈಗೂ ಹೋಯಿತು. ಇಬ್ಬರು ನೆಕ್ಕಿ ನೋಡಿದರು. ಪ್ರಯೋಗದ ವಸ್ತು ನೆಕ್ಕಬಾರದು ಎಂದು ಗದರಬೇಕಾದವಳು, ನಾನೂ ನೆಕ್ಕಿದ್ದು ನೆನಪಾಗಿ ಸುಮ್ಮನಾದೆ.

ಗಂಟೆ ಹೊಡೆದು ಎಲ್ಲರೂ ಎದ್ದಾಗ ಅದೇ ಹುಡುಗಿ ಮೇಜಿನ ಹತ್ತಿರ ಬಂದು ಕೇಳಿದಳು: “ಸಮುದ್ರಕ್ಕೂ ಕೋಡಿ ಇಲ್ಲ, ಅಲ್ಲವಾ ಮಿಸ್?”